ಅಮ್ಮನ ಸ್ನಾನಕ್ಕೆ ಬಾಗಿಲಿರುವ ಟಬ್ ಹಾಕಿಸಬಹುದೆ?

ಪ್ರಶ್ನೆ: ಅಮ್ಮನಿಗೆ 78 ವರ್ಷ, ಎರಡೂ ಮಂಡಿ ಸವೆದಿವೆ. ಬಾಗಿಲು ತೆರೆದು ಒಳಗೆ ಹೋಗಿ ಕೂತುಕೊಳ್ಳುವ ‘ವಾಕ್-ಇನ್’ ಬಾತ್‌ಟಬ್ ಹಾಕಿಸುವ ಯೋಚನೆ ಇದೆ. ನಮ್ಮದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಬಚ್ಚಲುಮನೆ 5x7 ಅಡಿ, ಗೀಸರ್ 25 ಲೀಟರಿನದು. ಏನೇನು ನೋಡಿಕೊಳ್ಳಬೇಕು?
— ಓದುಗರು, ಜೆ.ಪಿ. ನಗರ, ಬೆಂಗಳೂರು

ಉತ್ತರ: ಮುಂಗಡ ಕೊಡುವ ಮೊದಲು ಟೇಪ್ ತೆಗೆದುಕೊಂಡು ಬಚ್ಚಲ ಬಾಗಿಲಿನ ಅಗಲ ಅಳೆಯಿರಿ. ನಮ್ಮ ಕಡೆ ಬಚ್ಚಲಿಗೆ ಎರಡೂವರೆ ಅಡಿಯ ಬಾಗಿಲು ಇಡುವುದು ರೂಢಿ. ಚೌಕಟ್ಟು ಕಳೆದರೆ ಓಡಾಡಲು ಸಿಗುವುದು 26–27 ಇಂಚು. ಸಾಮಾನ್ಯ ಮಾಡೆಲ್‌ನ ಟಬ್ 30 ಇಂಚು ಅಗಲ, 52 ಇಂಚು ಉದ್ದ, 38–40 ಇಂಚು ಎತ್ತರ ಇರುತ್ತದೆ. ಹೇಗೆ ತಿರುಗಿಸಿದರೂ ಒಳಗೆ ಹೋಗದು, ಚೌಕಟ್ಟು ಕೀಳಬೇಕಾಗುತ್ತದೆ. ಈ ಖರ್ಚನ್ನು ಅಂಗಡಿಯವರು ಮೊದಲೇ ಹೇಳುವುದು ಕಡಿಮೆ.

ಮುಂದಿನದು ನೀರಿನ ಲೆಕ್ಕ. ಟಬ್ಬಿಗೆ 180 ಲೀಟರ್ ಹಿಡಿಯಿರಿ. ನಲ್ಲಿ ನೀರು 24 ಡಿಗ್ರಿ, ಗೀಸರ್ ನೀರು 60 ಡಿಗ್ರಿ, ಮೈಗೆ ಬೇಕಾದದ್ದು 39 ಡಿಗ್ರಿ ಎಂದರೆ ಬಿಸಿನೀರೇ 75 ಲೀಟರ್ ಬೇಕು. ನಿಮ್ಮ 25 ಲೀಟರಿನ ಗೀಸರ್ ಮೂರು ಸಲ ಕಾಯಬೇಕು. 2 ಕಿಲೋವ್ಯಾಟ್ ಕಾಯಿಲ್ ಆದರೆ ಸಲಕ್ಕೆ ಅರ್ಧ ಗಂಟೆ. ಮೂರನೆಯದು ಕಾಯುವಷ್ಟರಲ್ಲಿ ಟಬ್ಬಿನಲ್ಲಿದ್ದ ನೀರು ಆರಿರುತ್ತದೆ. ಸೋಲಾರ್ ಇದ್ದು, ಅದರ ಬಿಸಿನೀರು ನಿಮ್ಮ ಪಾಲಿಗೆ 100 ಲೀಟರಾದರೂ ಬಂದರೆ ಈ ತೊಂದರೆ ಇಲ್ಲ.

ಬಿಸಿನೀರು ಸಾಕಷ್ಟಿದ್ದರೂ ಈ ಟಬ್ಬಿನ ಮುಖ್ಯ ಕಷ್ಟ ಬೇರೆ. ನೀರು ತುಂಬಿದಾಗ ಬಾಗಿಲು ತೆರೆಯುವಂತಿಲ್ಲ. ಅಂದರೆ ಅಮ್ಮ ಮೊದಲು ಒಳಗೆ ಕೂತು, ಬಾಗಿಲು ಹಾಕಿಕೊಂಡು, ಆಮೇಲೆ ನೀರು ಬಿಡಬೇಕು. ನಲ್ಲಿಯಲ್ಲಿ ನಿಮಿಷಕ್ಕೆ 8 ಲೀಟರ್ ಬಂದರೆ ತುಂಬಲು 22 ನಿಮಿಷ. ಸ್ನಾನ ಮುಗಿದ ಮೇಲೆ ನೀರೆಲ್ಲ ಹೊರಗೆ ಹೋಗುವವರೆಗೆ ಮತ್ತೆ ಒದ್ದೆ ಮೈಯಲ್ಲೇ ಕಾಯಬೇಕು. ಡಿಸೆಂಬರಿನ ಬೆಳಗ್ಗೆ ಇದು ಹೇಗಿರುತ್ತದೆಂದು ಯೋಚಿಸಿ. ತಲೆಸುತ್ತು ಬರುವವರಿಗೆ, ಮೂತ್ರ ತಡೆಯಲಾಗದವರಿಗೆ ಈ ಕಾಯುವಿಕೆಯೇ ದೊಡ್ಡ ಶಿಕ್ಷೆ.

ಭಾರವನ್ನೂ ನೋಡಬೇಕು. ಟಬ್ 90 ಕಿಲೋ, ನೀರು 180, ಕೂತವರು 65. ಎಲ್ಲ ಸೇರಿ 335 ಕಿಲೋ ಒಂದು ಚದರ ಮೀಟರಿನಷ್ಟು ಜಾಗದ ಮೇಲೆ ಕೂರುತ್ತದೆ. ಕಟ್ಟಡಗಳು ಹೊರಬೇಕಾದ ಭಾರದ ಬಗ್ಗೆ ಇರುವ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ಮನೆಯ ಬಚ್ಚಲಿನ ನೆಲಕ್ಕೆ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಸ್ಲ್ಯಾಬ್ ಕುಸಿದೇ ಬಿಡುತ್ತದೆ ಎಂದಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಒಮ್ಮೆ ನೋಡಿ ಒಪ್ಪಬೇಕು, ಅಸೋಸಿಯೇಷನ್ನಿನ ಅನುಮತಿಯೂ ಬೇಕು.

ಇಷ್ಟಾದ ಮೇಲೂ ಹಾಕಿಸುವುದೇ ಆದರೆ, ಬಿಸಿನೀರಲ್ಲಿ ಕೂರುವಂತೆ ವೈದ್ಯರೇ ಹೇಳಿದ್ದರೆ ಅದಕ್ಕೆ ಅರ್ಥವೂ ಇದೆ, ಪ್ಲಂಬರ್ ಹತ್ತಿರ ಹೀಗೆ ಕೆಲಸ ಮಾಡಿಸಿ. ಟಬ್ಬಿನ ನೀರನ್ನು ನೆಲದ ಜಾಲಿಯ ಮೇಲೆ ಸುಮ್ಮನೆ ಬಿಡಬಾರದು. ಅಷ್ಟು ನೀರು ಒಮ್ಮೆಲೇ ಬಂದರೆ ಜಾಲಿ ಎಳೆದುಕೊಳ್ಳದೆ ಬಚ್ಚಲು ತುಂಬಿ ರೂಮಿಗೆ ಬರುತ್ತದೆ. ಜಾಲಿಯ ಅಡಿಯಲ್ಲಿರುವ, ಹಲವು ಪೈಪು ಸೇರಿಸಬಹುದಾದ ಮಲ್ಟಿ ಫ್ಲೋರ್ ಟ್ರಾಪ್‌ನ ಪಕ್ಕದ ಇನ್‌ಲೆಟ್‌ಗೆ ಪೈಪು ಸೇರಿಸಲಿ, ಟ್ರಾಪಿನಿಂದ ಮುಂದಿನ ಲೈನು 75 ಎಂಎಂ ಇರಲಿ. ಇದಕ್ಕಾಗಿ ಟೈಲ್ಸ್ ಒಡೆದಿದ್ದರೆ ಅಡಿಯ ವಾಟರ್‌ಪ್ರೂಫಿಂಗ್ ಹರಿದಿರುತ್ತದೆ. ಅದನ್ನು ಮತ್ತೆ ಮಾಡಿಸಿ, ಜಾಲಿ ಮುಚ್ಚಿ, ಒಂದು ಇಂಚು ನೀರು ನಿಲ್ಲಿಸಿ ಗೋಡೆಗೆ ಪೆನ್ಸಿಲ್ ಗುರುತು ಹಾಕಿ. 48 ಗಂಟೆ ಬಿಟ್ಟು ಕೆಳಗಿನ ಮನೆಯವರ ಸೀಲಿಂಗ್ ನೋಡಿಬನ್ನಿ.

ಟಬ್ಬಿನ ಕಾಲುಗಳನ್ನು ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಬೇಕು. ಒಂದು ಮೂಲೆ ಚೂರು ತಗ್ಗಿದರೂ ಬಾಗಿಲಿನ ಚೌಕಟ್ಟು ಓರೆಯಾಗಿ ರಬ್ಬರ್ ಸರಿಯಾಗಿ ಕೂರದೆ ಜಿನುಗುತ್ತದೆ. ಸಿಲಿಕಾನ್ ಹಚ್ಚುವ ಮುಂಚೆಯೇ ಪೂರ್ತಿ ತುಂಬಿಸಿ ಅರ್ಧ ಗಂಟೆ ನೋಡಿ. ಮೇಸ್ತ್ರಿ ಅಂದ ಕಾಣಲೆಂದು ಪಕ್ಕದ ಪ್ಯಾನೆಲ್ ಮೇಲೆ ಟೈಲ್ಸ್ ಅಂಟಿಸಿ ಮುಚ್ಚಿಬಿಡುತ್ತಾನೆ. ಬಿಡಬೇಡಿ, ಮುಂದೆ ಸೋರಿದಾಗ ಕೈ ಹಾಕಲು ಜಾಗ ಇರುವುದಿಲ್ಲ. ನೀರು ಚಿಮ್ಮಿಸುವ ಪಂಪ್ ಇದ್ದರೆ ಅದಕ್ಕೆ ಪ್ರತ್ಯೇಕ ಎಂಸಿಬಿ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಇರಲೇಬೇಕು. ಬೋರ್‌ವೆಲ್ ನೀರಾದರೆ ಬಾಗಿಲಿನ ರಬ್ಬರಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ವಾರಕ್ಕೊಮ್ಮೆ ಒರೆಸಬೇಕು. ಎಣ್ಣೆಸ್ನಾನ ಬಿಡದ ಮನೆಯವರು ಈ ಟಬ್ಬಿನ ಆಸೆಯನ್ನೇ ಬಿಡುವುದು ಒಳ್ಳೆಯದು: ಅಕ್ರಿಲಿಕ್ ಮೇಲೆ ಹರಳೆಣ್ಣೆ ಬಿದ್ದರೆ ಕಾಲು ನಿಲ್ಲದು, ಸೀಗೆಪುಡಿ ಪಂಪಿನ ತೂತಿಗೆ ಸೇರುತ್ತದೆ.

ನಿಮ್ಮ ಅಮ್ಮನ ವಿಷಯಕ್ಕೆ ಬಂದರೆ, ನಮ್ಮ ಸಲಹೆ ಕುರ್ಚಿ. ರಬ್ಬರ್ ಬುಷ್ ಇರುವ, ಕೈಯೂರಲು ತೋಳಿರುವ ಸ್ನಾನದ ಕುರ್ಚಿ ತನ್ನಿ. ಅವರು ನಿಂತಾಗ ನೆಲದಿಂದ ಮಂಡಿಯ ಹಿಂಭಾಗದವರೆಗೆ ಅಳೆದು ಒಂದೆರಡು ಇಂಚು ಸೇರಿಸಿ, ಸೀಟಿನ ಎತ್ತರ ಅಷ್ಟಿರಲಿ. ಬಕೆಟ್ಟನ್ನು ಒಂದಡಿಯ ಗಟ್ಟಿ ಸ್ಟೂಲ್ ಮೇಲಿಟ್ಟರೆ ಚೊಂಬಿಗಾಗಿ ಬಗ್ಗಬೇಕಿಲ್ಲ. ಕೂತಲ್ಲಿಂದಲೇ ಕೈಗೆ ಸಿಗುವಂತೆ ಒಂದೂವರೆ ಮೀಟರ್ ಹೋಸಿನ ಹ್ಯಾಂಡ್ ಶವರ್ ಹಾಕಿಸಿ. ಗೀಸರಿನ ಥರ್ಮೋಸ್ಟಾಟನ್ನು 50ಕ್ಕೆ ಇಳಿಸಿ. ಬಾಗಿಲು ಹೊರಗೆ ತೆರೆಯುವಂತೆ ತಿರುಗಿಸಿ, ಹೊರಗಿನಿಂದ ನಾಣ್ಯ ಹಾಕಿ ತೆಗೆಯಬಹುದಾದ ಚಿಲಕ ಇಡಿಸಿ. ಒಳಗೆ ಬಿದ್ದವರು ಒಳಕ್ಕೆ ತೆರೆಯುವ ಬಾಗಿಲಿಗೇ ಅಡ್ಡವಾಗಿರುತ್ತಾರೆ.

ಪ್ರಶ್ನೆ: ಕಮೋಡ್ ಪಕ್ಕ ಹಾಕಿಸಿದ್ದ ಸ್ಟೀಲ್ ಹಿಡಿಕೆ ಕೆಲವೇ ತಿಂಗಳಲ್ಲಿ ಸ್ಕ್ರೂ ಸಮೇತ ಕಿತ್ತು ಬಂತು. ಕಂಪನಿ ಮಾಲೇ. ಏಕೆ ಹೀಗೆ?
— ಓದುಗರು, ಶಿವಮೊಗ್ಗ

ಉತ್ತರ: ಮಾಲಿನದಲ್ಲ, ಸ್ಕ್ರೂವಿನ ಉದ್ದದ ತಪ್ಪು. ಟೈಲ್ 8 ಎಂಎಂ, ಅದರ ಹಿಂದೆ ಗಾರೆ 15–20, ಅದರ ಹಿಂದೆ ಪ್ಲಾಸ್ಟರ್ 12–15. ಇಟ್ಟಿಗೆ ಶುರುವಾಗುವುದೇ 40 ಎಂಎಂ ಆದ ಮೇಲೆ. ಪೆಟ್ಟಿಗೆಯಲ್ಲಿ ಬರುವ ಒಂದೂವರೆ ಇಂಚಿನ ಸ್ಕ್ರೂ ಇಟ್ಟಿಗೆಯನ್ನು ಮುಟ್ಟಿರುವುದೇ ಇಲ್ಲ. ಟವೆಲ್ ಹಾಕಲು ಅದು ಸಾಕು, ಆಳು ತೂಗಲು ಸಾಲದು.

10 ಎಂಎಂ ನೈಲಾನ್ ಪ್ಲಗ್, ಕನಿಷ್ಠ 80 ಎಂಎಂ ಸ್ಟೇನ್‌ಲೆಸ್ ಸ್ಕ್ರೂ ತನ್ನಿ. ಟೈಲ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಬಂದ್ ಇರಲಿ, ಇಲ್ಲವಾದರೆ ಟೈಲ್ ಬಿರಿಯುತ್ತದೆ. ಪ್ಲಗ್ ಹಾಕುವ ಮುಂಚೆ ತೂತಿನ ಪುಡಿ ಊದಿ ತೆಗೆಯಿರಿ, ಪುಡಿ ಉಳಿದರೆ ಪ್ಲಗ್ ಕಚ್ಚುವುದಿಲ್ಲ. ನಲ್ಲಿಯ ನೇರಕ್ಕೆ ಮೇಲೆ ಕೆಳಗೆ ಕೊರೆಯಬೇಡಿ, ಒಳಗೆ ನೀರಿನ ಸಿಪಿವಿಸಿ ಪೈಪ್ ಇರಬಹುದು. ಹಾಲೋ ಬ್ಲಾಕ್ ಗೋಡೆಯಾದರೆ ಪ್ಲಗ್ ಪ್ರಯೋಜನವಿಲ್ಲ. ಜಾಲರಿ ಸ್ಲೀವ್ ಹಾಕಿ ಕೆಮಿಕಲ್ ಆ್ಯಂಕರ್ (ಒಳಗೆ ಗಟ್ಟಿಯಾಗುವ ಅಂಟು) ತುಂಬಬೇಕು, ಇಲ್ಲವೇ ಗೋಡೆಯ ಆಚೆಗೆ ಬೋಲ್ಟ್ ದಾಟಿಸಿ ಪ್ಲೇಟ್ ಕೊಟ್ಟು ಬಿಗಿಯಬೇಕು. ಹಿಡಿಕೆ 32–38 ಎಂಎಂ ದಪ್ಪ ಇರಲಿ, ನೆಲದಿಂದ 33–36 ಇಂಚು ಎತ್ತರದಲ್ಲಿ ಕೂರಲಿ. ಮುಗಿದ ಮೇಲೆ ಮನೆಯ ದೊಡ್ಡ ಆಳು ಜೋತುಬಿದ್ದು ನೋಡಲಿ.

ಪ್ರಶ್ನೆ: ಅಪ್ಪ ಆರು ತಿಂಗಳಿಗೆ ಇಲ್ಲಿಗೆ ಬರುತ್ತಿದ್ದಾರೆ. ಬಾಡಿಗೆ ಮನೆಯ ಬಾತ್‌ಟಬ್ ದಾಟಲು ಅವರಿಂದಾಗದು. ಟಬ್ ಬದಲಿಸುವಂತಿಲ್ಲ.
— ಓದುಗರು, ಡಲ್ಲಾಸ್

ಉತ್ತರ: ಬದಲಿಸುವುದು ಬೇಡ, ‘ಟ್ರಾನ್ಸ್‌ಫರ್ ಬೆಂಚ್’ ಕೊಳ್ಳಿ. ಎರಡು ಕಾಲು ಟಬ್ಬಿನೊಳಗೆ, ಎರಡು ಹೊರಗೆ ನಿಲ್ಲುತ್ತವೆ. ಅಪ್ಪ ಹೊರಗಿನ ತುದಿಯಲ್ಲಿ ಕೂತು, ಒಳಕ್ಕೆ ಸರಿದು, ಆಮೇಲೆ ಒಂದೊಂದೇ ಕಾಲು ಎತ್ತಿಟ್ಟರಾಯಿತು. 14–16 ಇಂಚಿನ ಅಂಚನ್ನು ನಿಂತು ದಾಟುವ ಪ್ರಮೇಯವೇ ಇಲ್ಲ. ಪರದೆಯನ್ನು ಬೆಂಚಿನ ಸೀಳಿನಲ್ಲಿ ಸಿಕ್ಕಿಸಿ ಟಬ್ಬಿನೊಳಗೆ ಬಿಡಿ, ಇಲ್ಲವಾದರೆ ನೆಲವೆಲ್ಲ ನೀರು. ಗಾಳಿಯಿಂದ ಅಂಟಿಕೊಳ್ಳುವ ಹಿಡಿಕೆಗಳನ್ನು ನಂಬಬೇಡಿ. ಓನರ್ ಒಪ್ಪಿದರೆ ಗೋಡೆಯೊಳಗಿನ ಮರದ ಸ್ಟಡ್ (ನಿಲುವು ಪಟ್ಟಿ) ಹುಡುಕಿ, ಅವು ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತವೆ, ಅದಕ್ಕೇ ಹಿಡಿಕೆಯ ಸ್ಕ್ರೂ ಹಾಕಿಸಿ. ವಾಟರ್ ಹೀಟರ್ 120 ಫ್ಯಾರನ್‌ಹೀಟ್ ದಾಟದಿರಲಿ.