"ಅದಕ್ಕೇ ಹೊಡೆದದ್ದು"

ಪ್ರಶ್ನೆ: ರಾತ್ರಿ ನಮ್ಮ ಮನೆಯಲ್ಲಿ ಅತ್ತೆಯವರೂ ಎಂಟನೆಯ ತರಗತಿಯ ಮಗಳೂ ಒಟ್ಟಿಗೆ ಕುಳಿತು ಧಾರಾವಾಹಿ ನೋಡುತ್ತಾರೆ. ಅದರಲ್ಲಿ ಗಂಡ ಹೆಂಡತಿಯ ಕೆನ್ನೆಗೆ ಹೊಡೆದಾಗ ಮಗಳು, "ಅತ್ತೆಗೆ ಎದುರು ಮಾತನಾಡಿದಳಲ್ಲ, ಅದಕ್ಕೇ ಹೊಡೆದದ್ದು" ಎಂದಳು. ಕೆಲವು ದಿನಗಳ ಬಳಿಕ ನೆರೆಮನೆಯಿಂದ ಪೆಟ್ಟಿನ ಸದ್ದೂ ಅಳುವೂ ಕೇಳಿದಾಗ, "ಆ ಅಕ್ಕ ಏನು ಮಾಡಿದರೋ" ಎಂದಳು. ಧಾರಾವಾಹಿ ನೋಡಿದವರೆಲ್ಲ ಹೊಡೆಯಲು ಹೋಗುತ್ತಾರೆಯೇ ಎಂದು ನನ್ನ ಪತಿ ಕೇಳುತ್ತಾರೆ. ನನ್ನ ಹೆದರಿಕೆ ಅತಿಯಾಯಿತೇ?
ಓದುಗರೊಬ್ಬರು, ಬದಿಯಡ್ಕ

ಉತ್ತರ: ಅತಿಯಾಗಲಿಲ್ಲ. ಧಾರಾವಾಹಿ ನೋಡಿದ ಮಾತ್ರಕ್ಕೆ ಯಾರೂ ಕೈ ಎತ್ತುವುದಿಲ್ಲ ಎಂಬುದು ನಿಜ. ಆದರೆ ಹೊಡೆತಕ್ಕೆ ಮುಂಚೆ ಹೆಣ್ಣಿನ ತಪ್ಪೊಂದನ್ನು ಸಾವಕಾಶವಾಗಿ ತೋರಿಸಿ, ಆಮೇಲೆ ಗಂಡನ ಪಶ್ಚಾತ್ತಾಪವನ್ನೂ ಅವಳ ಕ್ಷಮೆಯನ್ನೂ ತೋರಿಸುವ ಕಥೆಗಳು, ಪೆಟ್ಟು ಕಂಡ ಕೂಡಲೇ ಕಾರಣ ಹುಡುಕುವ ಅಭ್ಯಾಸವನ್ನು ನಮ್ಮಲ್ಲಿ ಬೆಳೆಸುತ್ತವೆ. ನಿಮ್ಮ ಮಗಳು ಕಲಿತದ್ದು ಆ "ಅದಕ್ಕೇ" ಎಂಬ ಒಂದು ಪದವನ್ನು.

ಪತ್ರಿಕೆಗಳಲ್ಲಿ ಕೆಲಸ ಮಾಡುವ ನಾವೂ ಇದರಿಂದ ಹೊರತಲ್ಲ. "ಶೀಲ ಶಂಕಿಸಿ ಪತ್ನಿಯ ಕೊಲೆ" ಎಂಬ ತಲೆಬರಹದಲ್ಲಿ, ಸತ್ತವಳ ಹೆಸರು ತಿಳಿಯುವ ಮೊದಲೇ ಅವಳ ನಡತೆಯ ಪ್ರಶ್ನೆ ಓದುಗರ ಮುಂದೆ ಬಂದುಬಿಡುತ್ತದೆ. ಒಬ್ಬನೇ ಹೊಡೆದದ್ದನ್ನು "ಕೌಟುಂಬಿಕ ಕಲಹ" ಎಂದು ಬರೆದರೆ ಅದು ಇಬ್ಬರ ಜಗಳವಾಗುತ್ತದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಜಗಳದ ಕುರಿತಾದದ್ದು. ಪೆಟ್ಟಿಗೂ ಅದನ್ನೇ ಅನ್ವಯಿಸಿ ನೆರೆಹೊರೆಯವರು ಬಾಗಿಲು ಹಾಕಿಕೊಂಡದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೇಳದೆ ಹೊರಗೆ ಹೋಗುವುದು, ಅಡುಗೆ ಸರಿಯಾಗಿ ಮಾಡದಿರುವುದು, ಅತ್ತೆ ಮಾವಂದಿರಿಗೆ ಅಗೌರವ ತೋರುವುದು ಮುಂತಾದ ಏಳು ಕಾರಣಗಳನ್ನು ಮುಂದಿಟ್ಟು, ಇಂತಹ ಸಂದರ್ಭದಲ್ಲಿ ಗಂಡ ಹೊಡೆಯುವುದು ಸರಿಯೇ ಎಂದು ಕೇಳಲಾಗಿತ್ತು. ಒಂದು ಕಾರಣಕ್ಕಾದರೂ ಸರಿ ಎಂದ ಮಹಿಳೆಯರು ದೇಶದಲ್ಲಿ ಶೇಕಡ 45, ನಾವಿರುವ ಕೇರಳದಲ್ಲಿ ಶೇಕಡ 52, ನಾವು ನೋಡುವ ಧಾರಾವಾಹಿಗಳು ತಯಾರಾಗುವ ಕರ್ನಾಟಕದಲ್ಲಿ ಶೇಕಡ 77. ಸಾಕ್ಷರತೆಯ ಹೆಮ್ಮೆಯುಳ್ಳ ನಮಗೆ ಈ 52 ನೋವು ತರಬೇಕು.

ಟಿ.ವಿ. ಆರಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮಗಳ ಜೊತೆ ಕುಳಿತು ಮಾತನಾಡಿ. ನಮ್ಮೂರ ಬಯಲಾಟದಲ್ಲಿ ಕೀಚಕನು ಸೈರಂಧ್ರಿಯನ್ನು ವಿರಾಟನ ಸಭೆಯಲ್ಲೇ ಒದೆಯುವಾಗ, ಅವಳೇನು ತಪ್ಪು ಮಾಡಿದಳೆಂದು ಯಾರಾದರೂ ಕೇಳುತ್ತಾರೆಯೇ, ಹೊಡೆದವನು ಗಂಡನಾದ ಕೂಡಲೇ ಆ ಪ್ರಶ್ನೆ ಎಲ್ಲಿಂದ ಬರುತ್ತದೆ ಎಂದು ಅವಳನ್ನೇ ವಿಚಾರಿಸಿ.

ನೆರೆಮನೆಯ ಹೆಂಗಸನ್ನು, ಅವರೊಬ್ಬರೇ ಇರುವ ಹೊತ್ತು ನೋಡಿ ಮಾತನಾಡಿಸಿ; ಅವರಿಗೆ ತಿಳಿಯದಂತೆ ದೂರು ಹೋದರೆ ಪೆಟ್ಟು ಹೆಚ್ಚಾಗುವ ಅಪಾಯವಿದೆ. ಬೈಗುಳ, ಅವಮಾನ, ಖರ್ಚಿಗೆ ಹಣ ಕೊಡದಿರುವುದು ಸಹ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ ಎಂಬುದನ್ನು ತಿಳಿಸಿ. ಆ ಕಾಯ್ದೆಯ 4ನೆಯ ಸೆಕ್ಷನಿನಂತೆ ನೆರೆಯವರೂ ಸಂರಕ್ಷಣಾಧಿಕಾರಿಗೆ, ಅಂದರೆ ಇಂತಹ ಹೆಂಗಸರಿಗೆ ನೆರವಾಗಲು ಸರ್ಕಾರ ನೇಮಿಸಿದ ಅಧಿಕಾರಿಗೆ, ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಕೇರಳದ "ಮಿತ್ರ" ಸಹಾಯವಾಣಿಯ ಸಂಖ್ಯೆ 181; ಅದನ್ನು ಅವರಿಗೆ ಇಂದೇ ಕೊಡಿ.