ಮಿಲಿಟರಿ ನರ್ಸ್ ಕೆಲಸ: ಯುದ್ಧ ಇದ್ದಾಗ ಏನು, ಮುಗಿದ ಮೇಲೆ ಏನು?

ಮಗಳು ಪಿಯುಸಿ ಸೈನ್ಸ್ ಓದ್ತಿದ್ದಾಳೆ, ಮಿಲಿಟರಿ ನರ್ಸ್ ಆಗ್ತೀನಿ ಅಂತಾಳೆ, ಯುದ್ಧ ಬಂದರೆ ಅವಳ ಗತಿ ಏನು, ಆಮೇಲೆ ಆ ನೌಕರಿಗೆ ಬೆಲೆ ಇದೆಯಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯವಳು. ಮಿಲಿಟರಿ ನರ್ಸಿಂಗ್ ಸರ್ವಿಸ್‌ನಿಂದ ನಿವೃತ್ತಿಯಾಗಿ ಈಗ ಊರಲ್ಲೇ ಇದ್ದೇನೆ.

ಗುಂಡು ಹಾರುವ ಕಡೆ ನರ್ಸ್ ಓಡಾಡೋದು ಸಿನಿಮಾದಲ್ಲಿ ಜಾಸ್ತಿ. ಅಲ್ಲಿ ಮೊದಲ ಪಟ್ಟಿ ಕಟ್ಟೋರು ನರ್ಸಿಂಗ್ ಅಸಿಸ್ಟೆಂಟ್ ಜವಾನರು. ನಾವು ಆ ಜಾಗದಿಂದ ಹಿಂದೆ ಇರೋ ಆಸ್ಪತ್ರೆಯಲ್ಲಿರುತ್ತೇವೆ. 1999ರ ಕಾರ್ಗಿಲ್ ಹೊತ್ತಿಗೆ ನಾನು ಶ್ರೀನಗರದ 92 ಬೇಸ್ ಹಾಸ್ಪಿಟಲ್‌ನಲ್ಲಿದ್ದೆ. ಮೊದಲ ಕೆಲಸ ಕತ್ತರಿ ಹಿಡಿದು ಬೂಟು, ಬಟ್ಟೆ ಕತ್ತರಿಸೋದು. ಬಿಚ್ಚುತ್ತಾ ಕೂರೋಕೆ ಪುರುಸೊತ್ತು ಇರಲ್ಲ, ಎಳೆದರೆ ಮುರಿದ ಮೂಳೆ ಅಲುಗುತ್ತೆ. ಶೆಲ್ಲಿನ ಚೂರು ಒಳಗೆ ಹೋಗುವಾಗ ಮಣ್ಣು, ಬಟ್ಟೆಯ ನೂಲು ಎಲ್ಲ ಎಳೆದುಕೊಂಡೇ ಹೋಗಿರುತ್ತೆ. ಹಾಗಾಗಿ ಸತ್ತ ಮಾಂಸ ತೆಗೆದು, ಗಾಯ ತೆರೆದೇ ಬಿಟ್ಟು, ಗಾಜ್ ಬಟ್ಟೆ ಸಡಿಲವಾಗಿ ತುಂಬಿ, ನಾಲ್ಕೈದು ದಿನ ಕಳೆದ ಮೇಲೆ ಹೊಲಿಯುತ್ತಾರೆ. ಅವಸರದಲ್ಲಿ ಹೊಲಿದರೆ ಒಳಗೇ ಕೊಳೆಯುತ್ತೆ. ಆ ನಾಲ್ಕೈದು ದಿನ ಗಾಯ ಕಾಯೋದು ಪೂರಾ ನಮ್ಮ ಪಾಲಿಗೆ.

ಭಾಷೆ ಬರಲ್ಲ ಅನ್ನೋ ಹೆದರಿಕೆ ಬಿಡಿ. ನಮ್ಮ ಕಡೆ ಹುಡುಗಿಯರಿಗೆ ಹಿಂದಿ ಹೊಸದೇನಲ್ಲ. ನಾನು ಬಜಾರಿನ ದಖನಿ ಉರ್ದುವಿನಲ್ಲಿ ‘ನಕ್ಕೋ’ (ಬೇಡ) ಅಂದರೆ ನೋವಲ್ಲಿದ್ದ ಹುಡುಗರೂ ನಗೋರು.

ಆದರೆ ನನ್ನ ಪ್ರಕಾರ ಈ ನೌಕರಿಯ ದೊಡ್ಡ ಭಾಗ ಶುರುವಾಗೋದೇ ಯುದ್ಧ ಮುಗಿದ ಮೇಲೆ. ಜುಲೈ 26ಕ್ಕೆ ಕಾರ್ಗಿಲ್ ಮುಗಿಯಿತು, ಪೇಪರಿನವರು ಹೋದರು. ವಾರ್ಡ್ ಮಾತ್ರ ತುಂಬೇ ಇತ್ತು. ಆಮೇಲೆ ನನಗೆ ಪುಣೆಗೆ ಪೋಸ್ಟಿಂಗ್ ಆಯಿತು, 1944ರಿಂದ ನಡೆಯುತ್ತಿರುವ ಆರ್ಟಿಫಿಷಿಯಲ್ ಲಿಂಬ್ ಸೆಂಟರ್‌ಗೆ, ಅಂದರೆ ಕೃತಕ ಕೈಕಾಲು ಜೋಡಿಸುವ ಕೇಂದ್ರಕ್ಕೆ. ಅಲ್ಲಿ ಕಲಿತಿದ್ದು ಬ್ಯಾಂಡೇಜ್ ಕಟ್ಟೋದು. ನಗಬೇಡಿ. ಕಾಲು ತೆಗೆದ ಮೇಲೆ ಉಳಿಯುವ ಭಾಗ ಬಾತುಕೊಂಡಿರುತ್ತೆ. ಎಲಾಸ್ಟಿಕ್ ಪಟ್ಟಿಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಓರೆಯಾಗಿ, ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ ಮಾಡಿ ಸುತ್ತಬೇಕು. ಸುಮ್ನೆ ಬಳೆ ಥರ ಸುತ್ತಿದರೆ ರಕ್ತ ಓಡಾಡಲ್ಲ. ದಿನಕ್ಕೆ ಹಲವು ಸಲ ಬಿಚ್ಚಿ ಮತ್ತೆ ಕಟ್ಟಬೇಕು. ಆ ಆಕಾರ ಸರಿ ಬಂದರೇನೇ ಕೃತಕ ಕಾಲು ಕೂರೋದು. ಇಲ್ಲದ ಪಾದದ ಹೆಬ್ಬೆರಳು ತುರಿಸುತ್ತೆ ಅಂತ ರಾತ್ರಿ ಕರೆಯೋರು. ಅದು ಹುಚ್ಚಲ್ಲ, ಆ ನೋವು ನಿಜವಾದದ್ದೇ ಅಂತ ಅವರಿಗೆ ತಿಳಿಸಿ ಹೇಳೋದೂ ಡ್ಯೂಟಿಯೇ.

ವಿಜಯಪುರ ಕಡೆಯ ಒಬ್ಬ ಹುಡುಗನ ತಂದೆ ಬಂದಿದ್ದರು. ‘ಯವ್ವಾ, ನಮ್ಮ ಹುಡುಗ ಮತ್ತ ಹೊಲಕ್ಕ ಹೋಗ್ತಾನೇನು?’ ಅಂದರು. ‘ಗಳೆ ಹೊಡಿಯೋದು ಕಷ್ಟ ರೀ ಯಜ್ಜಾ, ಟ್ರ್ಯಾಕ್ಟರ್ ಹೊಡೀತಾನ’ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಎತ್ತು ಮಾರಬೇಕಾ ಅಂತ ಕೇಳುತ್ತಾ ಕೂತರು.

ನೌಕರಿ ವಿಚಾರಕ್ಕೆ ಬರೋಣ. ಕಮಿಷನ್ಡ್ ಆಫೀಸರ್ ಹುದ್ದೆ, ಲೆಫ್ಟಿನೆಂಟ್‌ನಿಂದ ಶುರು. ನಮ್ಮ ಸೇನಾಪಡೆಗಳಲ್ಲಿ ಮೊದಲ ಮಹಿಳಾ ಮೇಜರ್ ಜನರಲ್ ಆದವರೂ ನರ್ಸೇ, 1976ರಲ್ಲಿ, ಗರ್ಟ್ರೂಡ್ ಆಲಿಸ್ ರಾಮ್. ಮದುವೆಯಾದರೆ ತೆಗೀತಾರಂತೆ ಅಂತ ಯಾರೋ ಹೇಳಿದ್ದು ಹಳೇ ಕತೆ. ಆ ನಿಯಮ 1995ರಲ್ಲೇ ಹೋಯಿತು. 1988ರಲ್ಲಿ ಹಾಗೆ ಕೆಲಸ ಕಳಕೊಂಡ ಸೆಲಿನಾ ಜಾನ್ ಅವರಿಗೆ 60 ಲಕ್ಷ ಕೊಡಿ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ವರ್ಷ ಕೋರ್ಟು ಅಲೆಸಿದ್ದು ಮಾತ್ರ ನನಗೆ ಇವತ್ತಿಗೂ ಸಿಟ್ಟು.

ಊರಿಗೆ ಬಂದ ಮೇಲೆ ಇಲ್ಲಿನ ಒಂದು ಖಾಸಗಿ ಆಸ್ಪತ್ರೆ ನನಗೆ ಹೊಸಬರ ಸಂಬಳ ಹೇಳಿತು. ‘ಅದು ಮಿಲಿಟರಿ ಅನುಭವ ಅಲ್ವಾ ಮೇಡಂ’ ಅಂದರು. ಎದ್ದು ಬಂದೆ. ಪೆನ್ಷನ್ ಇದ್ದಿದ್ದಕ್ಕೆ ಎದ್ದು ಬರೋಕೆ ಆಯಿತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಈಗ ನರ್ಸಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮಕ್ಕಳಿಗೆ ಮೊದಲು ಹೇಳಿಕೊಡೋದು ಆ ಎಂಟರ ಬ್ಯಾಂಡೇಜೇ. ಸಕ್ಕರೆ ಕಾಯಿಲೆಗೆ ಕಾಲು ಕಳಕೊಂಡವರು ಇಲ್ಲೂ ಕಡಿಮೆ ಇಲ್ಲ.

ಮಗಳಿಗೆ ನೀಟ್ ಬರೆಯೋಕೆ ಹೇಳಿ, ಮಿಲಿಟರಿಯ ಬಿಎಸ್ಸಿ ನರ್ಸಿಂಗ್‌ಗೂ ಅದೇ ಅಂಕ ಬೇಕು. ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಹಾಸ್ಪಿಟಲ್‌ನಲ್ಲೂ ಆ ಕಾಲೇಜಿದೆ. ಓದು ಮುಗಿದ ಮೇಲೆ ಸೇವೆ ಮಾಡಲೇಬೇಕು ಅಂತ ಬಾಂಡ್ ಇರುತ್ತೆ, ಸಹಿ ಹಾಕುವ ಮೊದಲು ನೀವೂ ಕೂತು ಓದಿ.