ಕೇಳಿ ನುಡಿಸಲು ಬರುತ್ತದೆ, ಆದರೆ ನೊಟೇಶನ್ ಓದಲು ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಎರಡು ವರ್ಷದಿಂದ ಬರೀ ಕೇಳಿಕೊಂಡು ಕೀಬೋರ್ಡ್ ನುಡಿಸುತ್ತಿದ್ದೀರಿ. ಈಗ ಐದು ಗೆರೆಯ ಸ್ಟಾಫ್ ನೊಟೇಶನ್ ಮುಂದಿಟ್ಟುಕೊಂಡರೆ ಪ್ರತಿ ನೋಟ್‌ಗೂ ಕೆಳಗಿನ ಗೆರೆಯಿಂದ ಎಣಿಸಬೇಕಾಗುತ್ತದೆ, ಇದು ಯಾವಾಗ ನಿಲ್ಲುತ್ತದೆ ಅಂತ ಕೇಳಿದ್ದೀರಿ. ತಾನಾಗಿ ನಿಲ್ಲುವುದಿಲ್ಲ, ನೀವೇ ನಿಲ್ಲಿಸಬೇಕು.

ನಾನು ಕಲಿಯುವಾಗ ಪ್ರತಿ ನೋಟ್ ಕೆಳಗೂ ಪೆನ್ಸಿಲ್‌ನಲ್ಲಿ ಅದರ ಹೆಸರು, ಸಿ, ಇ, ಜಿ ಅಂತ ಬರೆದುಕೊಳ್ಳುತ್ತಿದ್ದೆ. ನಾಲ್ಕು ತಿಂಗಳು ಚೆನ್ನಾಗೇ ನಡೆಯಿತು. ಒಂದು ದಿನ ಏನೂ ಬರೆಯದ ಹಾಳೆ ಇಟ್ಟುಕೊಂಡು ಕೂತರೆ ಒಂದು ಸಾಲೂ ಮುಂದೆ ಹೋಗಲಿಲ್ಲ. ಅಷ್ಟು ದಿನ ನಾನು ಓದಿದ್ದು ನನ್ನ ಪೆನ್ಸಿಲ್ ಅಕ್ಷರಗಳನ್ನು, ಮೇಲಿದ್ದ ನೋಟ್‌ಗಳ ಕಡೆ ಕಣ್ಣೇ ಹೋಗಿರಲಿಲ್ಲ. ಹಾಗಾಗಿ ನೀವು ಬರೆದಿದ್ದರೆ ಈಗಲೇ ರಬ್ಬರ್ ಹುಡುಕಿ.

ಮೊದಲು ಸಾಲಿನ ಎಡತುದಿಯ ಚಿಹ್ನೆ ನೋಡಿ, ಅದಕ್ಕೆ ಕ್ಲೆಫ್ ಅನ್ನುತ್ತಾರೆ. ಟ್ರೆಬಲ್ ಕ್ಲೆಫ್ ಮೂಲದಲ್ಲಿ ಜಿ ಅಕ್ಷರವೇ, ಬರೆದು ಬರೆದು ಹಾಗೆ ಸುರುಳಿ ಸುತ್ತಿಕೊಂಡಿದೆ. ಅದರ ಹೊಟ್ಟೆ ಕೆಳಗಿನಿಂದ ಎರಡನೇ ಗೆರೆಯನ್ನು ಸುತ್ತುತ್ತದೆ, ಆ ಗೆರೆಯೇ ಜಿ. ಬೇಸ್ ಕ್ಲೆಫ್ ಎಫ್‌ನಿಂದ ಬಂದದ್ದು, ಅದರ ಎರಡು ಚುಕ್ಕಿಗಳ ನಡುವೆ ಹಾದುಹೋಗುವ ಗೆರೆ ಎಫ್. ಇವೆರಡರ ಮಧ್ಯೆ ಮಿಡ್ಲ್ ಸಿ, ಅಂದರೆ ಕೀಬೋರ್ಡಿನ ನಡುಭಾಗದ ಸಿ. ಟ್ರೆಬಲ್‌ನಲ್ಲಿ ಅದು ಐದು ಗೆರೆಗಳ ಕೆಳಗೆ ಒಂದು ತುಂಡುಗೆರೆಯ ಮೇಲೆ ಕೂರುತ್ತದೆ, ಬೇಸ್‌ನಲ್ಲಿ ಐದು ಗೆರೆಗಳ ಮೇಲೆ ಒಂದು ತುಂಡುಗೆರೆಯಲ್ಲಿ. ನೋಡಲು ಎರಡು, ಕೀಬೋರ್ಡಿನಲ್ಲಿ ಒಂದೇ ಕೀ. ಮಿಡ್ಲ್ ಸಿಯನ್ನು ಒಂದು ಅಂತ ಇಟ್ಟುಕೊಂಡು ಬಿಳಿ ಕೀಗಳನ್ನು ಎಣಿಸಿದರೆ ಆ ಜಿ ಬಲಕ್ಕೆ ಐದನೆಯದು, ಆ ಎಫ್ ಎಡಕ್ಕೆ ಐದನೆಯದು.

ಸದ್ಯಕ್ಕೆ ಈ ಮೂರೇ ಸಾಕು. ಗೆರೆಗಳ ಹೆಸರಿಗೆ ಒಂದು ವಾಕ್ಯ ಬಾಯಿಪಾಠ ಮಾಡಿ ಅಂತ ತುಂಬಾ ಜನ ಹೇಳುತ್ತಾರೆ. ನನಗಂತೂ ಅದು ಸರಿ ಬರಲಿಲ್ಲ, ಪ್ರತಿ ಸಲ ಮೊದಲಿಂದ ಗುನುಗಿಕೊಂಡು ಬರುವಷ್ಟರಲ್ಲಿ ಬೀಟ್ ಎಲ್ಲಿಗೋ ಹೋಗಿರುತ್ತದೆ.

ಹೆಸರು ಬಿಟ್ಟು ಒಂದು ನೋಟ್‌ನಿಂದ ಮುಂದಿನದಕ್ಕೆ ಎಷ್ಟು ದೂರ ಅಂತ ನೋಡಿ. ಟ್ರೆಬಲ್‌ನಲ್ಲಿ ಮೊದಲ ನೋಟ್ ಎರಡನೇ ಗೆರೆಯ ಮೇಲಿದೆ ಅಂದುಕೊಳ್ಳಿ. ಅದು ಜಿ, ಗೊತ್ತಿರುವುದೇ. ಮುಂದಿನದು ಮೂರನೇ ಗೆರೆಯ ಮೇಲೆ. ಗೆರೆಯಿಂದ ಪಕ್ಕದ ಗೆರೆಗೆ ಹಾರಿದೆ ಅಂದರೆ ಒಂದು ಬಿಳಿ ಕೀ ಬಿಟ್ಟು ಇನ್ನೊಂದು, ಅಂದರೆ ಬಿ. ಆಮೇಲಿನದು ಅದರ ಮೇಲಿನ ಸಂದಿನಲ್ಲಿ. ಗೆರೆಯಿಂದ ಸಂದಿಗೆ ಒಂದೇ ಹೆಜ್ಜೆ, ಪಕ್ಕದ ಬೆರಳು ಒತ್ತಿದರಾಯಿತು, ಅದು ಸಿ. ಇಲ್ಲಿ ಬಿ, ಸಿ ಅಂತ ಬಾಯಲ್ಲಿ ಹೇಳದಿದ್ದರೂ ಕೈ ಸರಿಯಾದ ಜಾಗಕ್ಕೇ ಹೋಗುತ್ತದೆ. ಕನ್ನಡ ಓದುವಾಗ ಕ್‌ಗೆ ಆ ಸೇರಿ ಕಾ ಅಂತ ಯಾರೂ ಬಿಡಿಸಿಕೊಂಡು ಕೂರುವುದಿಲ್ಲ ಅಲ್ವಾ?

ಸರಿಗಮ ಕಲಿತಿದ್ದರೆ ಒಂದು ಮಾತು, ಸ ಅಂದರೆ ಸಿ ಅಂತ ಅಂಟಿಸಿಕೊಳ್ಳಬೇಡಿ. ಸ ನೀವು ಇಟ್ಟುಕೊಂಡ ಶ್ರುತಿಯ ಜೊತೆ ಜಾಗ ಬದಲಿಸುತ್ತದೆ, ಸಿ ಇದ್ದಲ್ಲೇ ಇರುತ್ತದೆ.

ಇನ್ನು ಲಯ. ಕೇಳಿ ನುಡಿಸುವವರು ಜಾಸ್ತಿ ಎಡವುವುದು ಇಲ್ಲೇ, ಯಾಕೆಂದರೆ ಇಷ್ಟು ದಿನ ಎಣಿಸುವ ಅಗತ್ಯವೇ ಬಿದ್ದಿರಲಿಲ್ಲ. 4/4 ಅಂತ ಇದ್ದರೆ ಒಂದು ಬಾರ್‌ಗೆ, ಅಂದರೆ ಎರಡು ನಿಂತ ಗೆರೆಗಳ ನಡುವಿನ ಭಾಗಕ್ಕೆ, ನಾಲ್ಕು ಬೀಟ್. ಕಡ್ಡಿಯಿಲ್ಲದ ಟೊಳ್ಳು ನೋಟ್ ನಾಲ್ಕು ಬೀಟ್ ನಿಲ್ಲುತ್ತದೆ, ಕಡ್ಡಿ ಸೇರಿದರೆ ಎರಡು, ಒಳಗೆ ಕಪ್ಪು ತುಂಬಿದರೆ ಒಂದು, ಕಡ್ಡಿಗೆ ಬಾಲ ಬಂದರೆ ಅರ್ಧ. ಪಕ್ಕದಲ್ಲಿ ಚುಕ್ಕಿ ಇಟ್ಟರೆ ಇದ್ದದ್ದರ ಅರ್ಧ ಕೂಡುತ್ತದೆ, ಎರಡು ಬೀಟಿನದು ಮೂರಾಗುತ್ತದೆ. ಇದನ್ನು ಕೀಬೋರ್ಡ್ ಮುಟ್ಟದೆ ಕಲಿಯಿರಿ. ಕಾಲಲ್ಲಿ ಬೀಟ್ ತಟ್ಟುತ್ತಾ, ಬಾಯಲ್ಲಿ ಒಂದು ಎರಡು ಮೂರು ನಾಲ್ಕು ಅನ್ನುತ್ತಾ, ಹಾಳೆಯಲ್ಲಿ ನೋಟ್ ಬಂದ ಕಡೆ ಮಾತ್ರ ಚಪ್ಪಾಳೆ ಹೊಡೆಯಿರಿ. ಮನೆಯವರು ವಿಚಿತ್ರವಾಗಿ ನೋಡುತ್ತಾರೆ, ಪರವಾಗಿಲ್ಲ.

ಶಾರ್ಪ್, ಫ್ಲ್ಯಾಟ್ ಬಗ್ಗೆ ಈಗ ಇಷ್ಟು ತಿಳಿದಿರಲಿ. ನೋಟನ್ನು ಬಲಕ್ಕಿರುವ ಪಕ್ಕದ ಕೀಗೆ, ಅದು ಕಪ್ಪಿರಲಿ ಬಿಳಿಯಿರಲಿ, ಸರಿಸುವ ಚಿಹ್ನೆ ಶಾರ್ಪ್, ಎಡಕ್ಕೆ ಸರಿಸುವುದು ಫ್ಲ್ಯಾಟ್. ಕ್ಲೆಫ್ ಪಕ್ಕದಲ್ಲೇ ಒಂದು ಶಾರ್ಪ್ ಇದ್ದರೆ ಅದು ಎಫ್‌ಗೆ, ಮೇಲಿನ ಎಫ್ ಕೆಳಗಿನ ಎಫ್ ಎಲ್ಲಕ್ಕೂ. ಮಧ್ಯದಲ್ಲಿ ಯಾವುದೋ ನೋಟ್ ಮುಂದೆ ಬಂದರೆ ಆ ಬಾರ್ ಮುಗಿಯುವವರೆಗೆ ಮಾತ್ರ.

ದಿನಕ್ಕೆ 15 ನಿಮಿಷ ಸಾಕು, ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ಅದೇ ವಾಸಿ. ಪೆನ್ಸಿಲ್ ಬಿಟ್ಟ ಮೇಲೆ ನನಗೆ ಸುಲಭದ ಒಂದೇ ಕೈಯ ಸಾಲುಗಳು ತಡವರಿಸದೆ ಬರಲು ಮೂರು ತಿಂಗಳು ಹಿಡಿಯಿತು. ಎರಡು ಕೈ ಸೇರಿಸಿದ್ದು ಆಮೇಲೆ, ಅದರ ಗೋಳೇ ಬೇರೆ.

ಒಂದು ತೊಂದರೆ ನಿಮಗೆ ಖಂಡಿತ ಬರುತ್ತದೆ. ನಿಮ್ಮ ಕಿವಿ ಚುರುಕು, ಎರಡು ಸಲ ನುಡಿಸಿದರೆ ಹಾಡು ತಲೆಗೆ ಹತ್ತಿಬಿಡುತ್ತದೆ, ಆಮೇಲೆ ಕಣ್ಣು ಹಾಳೆಯ ಮೇಲಿದ್ದರೂ ಓದುತ್ತಿರುವುದಿಲ್ಲ. ಗೊತ್ತಿರುವ ಹಾಡುಗಳ ಹಾಳೆಯಂತೂ ಬೇಡವೇ ಬೇಡ. ದಿನಾ ಹೊಸದು ಎಲ್ಲಿಂದ ತರೋದು ಅಂದರೆ, ಹಳೇ ಹಾಳೆಯನ್ನೇ ತಲೆಕೆಳಗು ಮಾಡಿ ಸ್ಟ್ಯಾಂಡಿನ ಮೇಲಿಡಿ. ಟ್ರೆಬಲ್ ಕ್ಲೆಫ್ ಇದೆ ಅಂದುಕೊಂಡು ಎಡದಿಂದ ಓದಿ. ನಡುಗೆರೆಯ ಬಿ ಒಂದು ಬಿಟ್ಟು ಉಳಿದದ್ದೆಲ್ಲ ಜಾಗ ಬದಲಿಸಿರುತ್ತದೆ. ಕೇಳಲು ದೇವರಿಗೇ ಪ್ರೀತಿ, ಆದರೆ ಕಿವಿಗೆ ಊಹಿಸಲು ಏನೂ ಸಿಗುವುದಿಲ್ಲ.